ಗೈಶಾಳ ಗುಡಾರ

ಅತ್ತಾಹೆರ್ ಒಂಟೆಯ ಮೇಲಿಂದ ಧುಮುಕಿದ ರಭಸಕ್ಕೆ ಹಿಂದೆ ಬರುತ್ತಿದ್ದ ನಾಲ್ಕೂ ಒಂಟೆಗಳು ಗಕ್ಕನೆ ನಿಂತವು. ಅವನು ಕುಕ್ಕರಗಾಲಿನಲ್ಲಿ ಕುಳಿತು ಮರಳ ಮೇಲಿನ ಒಂದು ಹೆಜ್ಜೆಗುರುತಿನ ಪಕ್ಕ ಅಂಗೈ ಇಟ್ಟ. ಹೆಣ್ಣೊಂಟೆಯ ಬಲ ಹಿಂಗಾಲು. ಹೊರಗಿನ ಉಗುರು ಊರಿದ ಕಡೆ ಬೆರಳುದ್ದದ ಗೀರು. ಏಳು ವರ್ಷದಿಂದ ಅವನು ಈ ಗೀರನ್ನು ಹುಡುಕುತ್ತಲೇ ತೆನೆರೆ ಮರುಭೂಮಿಯ ಮರಳಿನಲ್ಲಿ ತಲೆತಗ್ಗಿಸಿ ನಡೆಯುತ್ತಿದ್ದ. ಅವನ ಹಿಂದೆ ಬಂದ ಪ್ರವಾಸಿಗರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

"ಏನಾದರೂ ಕಳೆದುಹೋಯಿತೇ?" ಎಂದು ಉಲ್ರಿಕಾ ಮೇಲಿಂದಲೇ ಕೇಳಿದಳು. ಅವಳೂ ಅವಳ ಗಂಡ ಹೋರ್ಸ್ಟನೂ ಜರ್ಮನಿಯವರು. ಅಗಾಡೆಜ್‌ನಿಂದ ಹದಿನಾಲ್ಕು ದಿನದ ಪಯಣ. ಅದರಲ್ಲಿ ಒಂದು ದಿನ ಅಲೆಮಾರಿಗಳ ಹಟ್ಟಿಯಲ್ಲಿ ಎಂದು ಮಾತಾಗಿತ್ತು.

"ಕಳೆದದ್ದಲ್ಲಮ್ಮ, ಸಿಕ್ಕಿದ್ದು," ಎಂದ ಅತ್ತಾಹೆರ್ ತನ್ನ ಹರಕುಮುರುಕು ಫ್ರೆಂಚಿನಲ್ಲಿ. "ನಾಳೆ ನಿಮಗೆ ಒಳ್ಳೇ ಹಟ್ಟಿ ತೋರಿಸ್ತೀನಿ." ಹೇಳಿದವನೇ ಮುಂದಿನ ಒಂಟೆಯ ಮೂಗುದಾರ ಹಿಡಿದು ಮೂಡಲಿಗೆ ತಿರುಗಿಸಿದ.

ಸಾಲಿನ ಕೊನೆಯಲ್ಲಿದ್ದ ಖಮದ್ ಓಡಿ ಬಂದ. ಅಡುಗೆ, ಸಾಮಾನು ಹೇರುವುದು, ಇಳಿಸುವುದು ಎಲ್ಲ ಅವನದೇ. ಅತ್ತಾಹೆರನಿಗೆ ಸೋದರಮಾವನ ಮಗ ಬೇರೆ, ಹಾಗಾಗಿ ಗೇಲಿ ಮಾಡುವ ಹಕ್ಕೂ ಅವನದೇ.

"ಯಾಕೋ ಭಾವ, ಬಾವಿ ಇರೋದು ಆ ಕಡೆ, ನೀನು ಈ ಕಡೆ ಮೂತಿ ತಿರುಗಿಸಿದೀಯ. ವಯಸ್ಸಾಯ್ತಾ? ನಾನು ಮುಂದೆ ಹೋಗ್ಲಾ?"

"ನಿನ್ನ ಮುಂದೆ ಬಿಟ್ರೆ ಎಲ್ರೂ ಒಲೆಯೊಳಗೇ ಹೋಗಿ ಬೀಳ್ತೀವಿ. ಬಾ ಇಲ್ಲಿ, ಇದನ್ನ ನೋಡು."

ಖಮದ್ ಬಗ್ಗಿ ನೋಡಿದ. ಅವನ ನಗು ನಿಂತಿತು. "ತಮೆಲ್ಲಾಲ್," ಎಂದ.

ತಮೆಲ್ಲಾಲ್ ಅತ್ತಾಹೆರನ ಬಿಳಿ ಒಂಟೆ. ಅವನು ಉಪ್ಪು ತರಲು ಬಿಲ್ಮಾಕ್ಕೆ ಹೋಗಿದ್ದಾಗ ಹಟ್ಟಿಯಿಂದ ಕಳುವಾಗಿತ್ತು. ಆ ವರ್ಷ ಮೇಕೆಗಳು ರೋಗ ಬಂದು ಸತ್ತಿದ್ದವು, ಹೆಂಡತಿಗೆ ಎದೆಹಾಲು ಬತ್ತಿತ್ತು. ಹನ್ನೊಂದು ತಿಂಗಳ ಮಗ ಬದುಕಿದ್ದದ್ದು ಈ ಒಂಟೆಯ ಹಾಲಿನಿಂದ. ಅತ್ತಾಹೆರ್ ತಿರುಗಿ ಬರುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಬಂಡೆಗಳ ಸಂದಿಯಲ್ಲಿ, ಗಾಳಿ ಮುಟ್ಟದ ಕಡೆ, ಕಳ್ಳನ ನಾಲ್ಕು ಹೆಜ್ಜೆ ಇನ್ನೂ ಉಳಿದಿದ್ದವು. ಎಡಗಾಲಿನ ಹೆಬ್ಬೆರಳು ಒಳಕ್ಕೆ ಸೊಟ್ಟಗಾದ ಹೆಜ್ಜೆ. ಬೇರೆಯವರು ಮುಖ ನೆನಪಿಡುವ ಹಾಗೆ ಅವನು ಆ ಪಾದವನ್ನು ನೆನಪಿಟ್ಟುಕೊಂಡ.

ಖಮದ್ ಅವನ ಸರಿಸಮಕ್ಕೆ ನಡೆಯುತ್ತ ಬಂದ. "ಕತ್ತಿ ಕೊಡು ಇಲ್ಲಿ. ಈ ಬಿಳಿಯರ ಕಣ್ಮುಂದೆ ರಕ್ತ ಬಿದ್ರೆ ನಾಳೆಯಿಂದ ಈ ಕಡೆ ಒಂದು ನರಪಿಳ್ಳೆನೂ ಬರಲ್ಲ. ನಾವೆಲ್ಲ ಮರಳು ಬೇಯಿಸ್ಕೊಂಡು ತಿನ್ಬೇಕು."

ಅತ್ತಾಹೆರ್ ಕತ್ತಿ ಬಿಚ್ಚಿ ಕೊಟ್ಟ. "ನಿನ್ನ ಪಾತ್ರೆ ಮೂಟೆಯಲ್ಲೇ ಇಟ್ಕೊ. ಸಾಯಿಸೋದು ಒಂದು ಗಳಿಗೆ ಕೆಲಸ ಕಣೋ. ನಂದು ಏಳು ವರ್ಷದ್ದು."

"ಮತ್ತೇನ್ ಮಾಡ್ತೀಯ?"

"ಗೊತ್ತಿಲ್ಲ. ನೋಡಿದ್ರೆ ಗೊತ್ತಾಗುತ್ತೆ."

ಮರುದಿನ ಹೊತ್ತು ಮಾರುದ್ದ ಏರಿದಾಗ ಹಟ್ಟಿ ಸಿಕ್ಕಿತು. ಜಾಲಿ ಮರಗಳ ಮಗ್ಗುಲಲ್ಲಿ ನಾಲ್ಕು ಚಾಪೆಯ ಗುಡಾರಗಳು. ಮೊದಲನೆಯದರಿಂದ ನೀಲಿ ರುಮಾಲಿನ ಎತ್ತರದ ಆಳೊಬ್ಬ ಎದುರುಗೊಳ್ಳಲು ಬಂದ. ಅತ್ತಾಹೆರ್ ಮುಖ ನೋಡಲಿಲ್ಲ, ಕಾಲು ನೋಡಿದ. ಎಡ ಹೆಬ್ಬೆರಳು ಒಳಕ್ಕೆ ಬಾಗಿತ್ತು. ಆದರೂ ರೂಢಿಯಂತೆ ಅಂಗೈಗೆ ಅಂಗೈ ಸವರಿ, ಮೇಕೆ ಹೇಗಿವೆ, ಮಕ್ಕಳು ಹೇಗಿದ್ದಾರೆ, ಬಾವಿಯ ನೀರು ಹೇಗಿದೆ ಎಂದು ಒಂದೂ ಬಿಡದೆ ಕೇಳಿದ. ಆ ಆಳಿನ ಹೆಸರು ಘುಮೂರ್. ಅವನಿಗೆ ಅತ್ತಾಹೆರನ ಗುರುತಿರಲಿಲ್ಲ. ಕದಿಯುವಾಗ ಒಂಟೆ ಯಾರದೆಂದು ವಿಚಾರಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ಘುಮೂರನ ಹೆಂಡತಿ ಗೈಶಾ ದಪ್ಪ ಮೈಯ, ದೊಡ್ಡ ದನಿಯ ಹೆಂಗಸು. ಎರಡು ವರ್ಷದ ಹೆಣ್ಣುಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಅತಿಥಿಗಳನ್ನು ಒಳಗೆ ಕೂರಿಸಿದಳು. ಉಲ್ರಿಕಾ ಚಾಪೆಯ ನೇಯ್ಗೆ ಮುಟ್ಟಿ ನೋಡುತ್ತಿದ್ದಂತೆ ಗೈಶಾ ಅತ್ತಾಹೆರನಿಗೆ ಹೇಳಿದಳು: "ಹೇಳಪ್ಪ ಅವಳಿಗೆ, ಇದು ನಮ್ಮಮ್ಮ ನೇಯ್ದದ್ದು. ಗುಡಾರ ನಂದು, ಕಂಬ ನಂದು, ಗೂಟ ನಂದು. ಇವನು ನನ್ನ ನೆಂಟ. ಉಂಡು ಹೋಗೋಕೆ ಬಂದೋನು, ಆರು ವರ್ಷ ಆಯ್ತು, ಇನ್ನೂ ಎದ್ದಿಲ್ಲ."

ಘುಮೂರನೂ ನಕ್ಕ. ಈ ಮಾತನ್ನು ಅವನು ಬಹಳ ಸಲ ಕೇಳಿದ್ದನೆಂದು ಕಾಣುತ್ತದೆ.

ಅಷ್ಟರಲ್ಲಿ ಬಾಗಿಲ ಮುಂದೆ ಬಿಳಿ ಒಂಟೆ ಮರಿಯೊಂದಿಗೆ ಹಾದುಹೋಯಿತು. ಗೈಶಾಳ ಮುಖ ಅರಳಿತು. "ನನ್ನ ತೆರಕ್ಕೆ ಬಂದೋಳು. ನಮ್ಮಪ್ಪ ಏಳು ಒಂಟೆ ಕೇಳಿದ್ದ. ಇವನು ಇವಳೊಬ್ಬಳನ್ನ ತಂದು ನಿಲ್ಲಿಸಿದ. ಇವಳನ್ನ ನೋಡಿ ನಮ್ಮಪ್ಪ ಉಳಿದ ಆರನ್ನ ಮರೆತೇಬಿಟ್ಟ. ಆಮೇಲೆ ಇವಳನ್ನ ನನ್ನ ಜೊತೇಲೇ ಕಳಿಸಿದ."

ಹೆಣ್ಣಿನ ತೆರಕ್ಕೆ ಕೊಟ್ಟಿದ್ದಾನೆ. ಕದ್ದು ಮಾರಿದ್ದರೆ, ಕೊಯ್ದು ತಿಂದಿದ್ದರೆ ಅತ್ತಾಹೆರನಿಗೆ ಮಾಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಈಗ ಏನು ಮಾಡಬೇಕೆಂಬುದು ತಾನಾಗಿಯೇ ಕೈಗೆ ಬಂದಿತ್ತು. ಅವನಿಗೆ ಒಳಗೊಳಗೇ ನಗು ಬಂತು.

ಗೈಶಾ ಆ ಒಂಟೆಯಿಂದ ಆಗತಾನೇ ಕರೆದ ಹಾಲನ್ನು ಮರದ ಬೋಗುಣಿಯಲ್ಲಿ ತಂದಳು. ಹೋರ್ಸ್ಟ್ ಕುಡಿದ, ಉಲ್ರಿಕಾ ಕುಡಿದು ನೊರೆ ಮೀಸೆಗೆ ನಕ್ಕಳು. ಅತ್ತಾಹೆರ್ ಬೋಗುಣಿಯನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ.

ಹಾಲು ಬೇಡವೆನ್ನುವುದೂ ಮುಖಕ್ಕೆ ಉಗುಳುವುದೂ ಅವರಲ್ಲಿ ಒಂದೇ.

"ಏನಪ್ಪ, ನನ್ನ ಹಾಲಲ್ಲಿ ಹುಳ ಬಿದ್ದಿದೆಯಾ?" ಎಂದಳು ಗೈಶಾ.

"ಹಾಲು ಚೆನ್ನಾಗೇ ಇದೆ ತಾಯಿ. ಇದು ಸಿಗದೆ ನನ್ನ ಮಗ ಸತ್ತ. ಅದಕ್ಕೇ ಗಂಟಲಲ್ಲಿ ಇಳಿಯಲ್ಲ."

ದನಿ ಏರಿಸದೆ, ಒಂಟೆಯ ವ್ಯಾಪಾರ ಮಾತಾಡುವವನ ಹಾಗೆ ಅವನು ಎಲ್ಲವನ್ನೂ ಹೇಳಿದ. ಯಾವ ವರ್ಷ, ಯಾವ ಕಣಿವೆ, ಮಗುವಿಗೆ ಎಷ್ಟು ತಿಂಗಳು. ಹೋರ್ಸ್ಟ್ ಆ ಭಾಷೆಯ ಸೊಗಸಿಗೆ ತಲೆದೂಗುತ್ತಿದ್ದ.

"ಸುಳ್ಳು," ಎಂದ ಘುಮೂರ್. "ಅವಳ ಕುತ್ತಿಗೆ ಮೇಲೆ ನಮ್ಮ ಮನೆತನದ ಬರೆ ಇದೆ."

"ಇದೆ. ಕೂದಲು ಹೆರೆದು ಯಾರಾದ್ರೂ ನೋಡ್ಲಿ, ಅದರಡಿ ನಮ್ಮದೂ ಇದೆ. ಬರೆ ಮೇಲೆ ಬರೆ ಎಳೆದೆ, ಸರಿ. ಅವಳ ಕಾಲಿಗೇನ್ ಮಾಡ್ದೆ? ನಿನ್ನ ಕಾಲಿಗೇನ್ ಮಾಡ್ದೆ?"

ಗೈಶಾ ಗಂಡನ ಕಡೆ ತಿರುಗಿದಳು. "ಹೌದಾ?"

ಘುಮೂರ್ ರುಮಾಲಿನ ಸೆರಗನ್ನು ಮೂಗಿನ ಮೇಲಕ್ಕೆ, ಕಣ್ಣಿನವರೆಗೂ ಎಳೆದುಕೊಂಡ. ಆರು ವರ್ಷ ಬಾಳುವೆ ಮಾಡಿದವಳಿಗೆ ಅಷ್ಟು ಸಾಕಾಯಿತು.

"ಹಾಗಾದ್ರೆ ನಮ್ಮಪ್ಪ ನನ್ನನ್ನ ಕಳ್ಳ ಮಾಲಿಗೆ ಕೊಟ್ಟ," ಎಂದಳು. "ನಿನ್ನನ್ನ ಯಾವ ಬಾಯಲ್ಲಿ ಗಂಡ ಅನ್ಲಿ?"

"ಗೈಶಾ, ಮಗು ಇದೆ..."

"ಮಗು ನಂದು."

ಅವಳು ಹೊರಗೆ ಹೋಗಿ ಬಡಗಣ ಗೂಟಕ್ಕೆ ಕೈ ಹಾಕಿದಳು. ಉಳಿದ ಗುಡಾರಗಳಿಂದ ಅವಳ ತಂಗಿಯರು ಬಂದು, ಒಂದು ಮಾತು ಕೇಳಿಸಿಕೊಂಡು, ಇನ್ನೊಂದು ಮಾತಾಡದೆ ಹಗ್ಗ ಬಿಚ್ಚತೊಡಗಿದರು. ಅತಿಥಿಗಳು ಹೊರಗೆ ಬಂದರು. ಘುಮೂರ್ ಮಾತ್ರ ಒಳಗೇ ಕುಳಿತಿದ್ದ.

"ಇವರು ಹಟ್ಟಿ ಬದಲಿಸುತ್ತಿದ್ದಾರೆಯೇ?" ಉಲ್ರಿಕಾ ಹಿಗ್ಗಿದಳು.

"ಗುಡಾರ ಕೀಳ್ತಿದಾರಮ್ಮ. ನಿಮ್ಮ ಅದೃಷ್ಟ. ಬೇಕಾದ್ರೆ ನೀವೂ ಕೈ ಹಾಕಿ."

ಉಲ್ರಿಕಾ ಅಂಗಿಯ ತೋಳು ಮಡಚಿ ಗೂಟ ಕಿತ್ತಳು. ಹೋರ್ಸ್ಟ್ ಫೋಟೋ ತೆಗೆದ. ಒಂದೊಂದೇ ಚಾಪೆ ಬಿಚ್ಚಿದಂತೆ ಬಿಸಿಲು ಮೊದಲು ಘುಮೂರನ ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ತಲೆಗೆ ಬಂತು. ಅತ್ತಾಹೆರ್ ಕಣ್ಣು ಕೀಳದೆ ನೋಡಿದ. ಏಳು ವರ್ಷದಲ್ಲಿ ಯಾವ ಬಾವಿಯ ನೀರೂ ಅವನಿಗೆ ಅಷ್ಟು ತಂಪೆನಿಸಿರಲಿಲ್ಲ. ಇನ್ನೂ ನಿಧಾನವಾಗಿ ಕಿತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ಎಲ್ಲವನ್ನೂ ಕತ್ತೆಗಳ ಮೇಲೆ ಹೇರಿದ ಮೇಲೆ ಗೈಶಾ ಬಿಳಿ ಒಂಟೆಯ ಹಗ್ಗವನ್ನು ಅತ್ತಾಹೆರನ ಕೈಗೆ ಹಾಕಿದಳು. "ಮರಿನೂ ತಗೊಂಡ್ಹೋಗು." ಸೊಂಟದ ಮೇಲಿನ ಮಗು ಒಂಟೆಯ ಕಡೆ ಕೈ ಚಾಚಿ ಅಳತೊಡಗಿತು.

"ಭಾವ," ಎಂದ ಖಮದ್ ತಗ್ಗಿದ ದನಿಯಲ್ಲಿ, "ಆ ಮಗು ಏನ್ ಮಾಡಿತ್ತು?"

"ನಂದು ಏನ್ ಮಾಡಿತ್ತು?"

"ನಮಗೆ ಮೇಕೆ ಇವೆ," ಎಂದಳು ಗೈಶಾ. "ನನ್ನ ಮಗಳಿಗೆ ಯಾರೂ ಮರುಗಬೇಕಾಗಿಲ್ಲ." ಕತ್ತೆಗಳನ್ನು ಹೊಡೆದುಕೊಂಡು ಅವಳು ತನ್ನ ತಂದೆಯ ಹಟ್ಟಿಯ ದಿಕ್ಕಿಗೆ ಹೊರಟಳು. ಹಿಂತಿರುಗಿ ನೋಡಲಿಲ್ಲ.

ಗುಡಾರವಿದ್ದ ಕಡೆ ಈಗ ಗೂಟದ ಕುಳಿಗಳ ಒಂದು ಸುತ್ತು, ನಡುವೆ ಬೂದಿ, ಬೂದಿಯ ಪಕ್ಕ ಘುಮೂರ್. ಹೋರ್ಸ್ಟ್ ಕೊನೆಯದೊಂದು ಫೋಟೋ ಬೇಕೆಂದ. ಬಿಳಿ ಒಂಟೆ, ಮಾರ್ಗದರ್ಶಿ, ಆತಿಥ್ಯ ಕೊಟ್ಟ ಯಜಮಾನ, ಮೂವರೂ ಒಟ್ಟಿಗೆ.

ಅತ್ತಾಹೆರನಿಗೆ ಕೇಳಿಸಿಕೊಳ್ಳುವಾಗಲೇ ಬಾಯಿ ಸಿಹಿಯಾಯಿತು. "ಏಯ್ ಯಜಮಾನ," ಎಂದು ಕೂಗಿದ. "ಫೋಟೋ ಬೇಕಂತೆ. ನನ್ನ ಪಕ್ಕ ಬಂದು ನಿಲ್ಬೇಕಂತೆ. ಸ್ವಲ್ಪ ನಗಬೇಕಂತೆ."

ಘುಮೂರ್ ಎದ್ದ. ಪೂರ್ತಿ ಎದ್ದು ನಿಲ್ಲಲಿಲ್ಲ. ತಗ್ಗು ಸೂರಿನಡಿ ನಡೆಯುವವನ ಹಾಗೆ ನಡು ಬಗ್ಗಿಸಿ, ಬೂದಿಯನ್ನು ಬಳಸಿಕೊಂಡು, ಬಾಗಿಲಿದ್ದ ಕಡೆಗೆ ಹೋದ. ಅಲ್ಲಿ ಎಡಗೈಯಿಂದ ಇಲ್ಲದ ಚಾಪೆ ಸರಿಸಿ, ತಲೆ ಇನ್ನಷ್ಟು ತಗ್ಗಿಸಿ ಹೊರಗೆ ಕಾಲಿಟ್ಟ. ಆಮೇಲೆ ನೆಟ್ಟಗಾದ.