ಕೊನೆಯದಾಗಿ ಎರಡು ಮಾತು

ತಲೆ ಪೂರ್ತಿ ಬೋಳಾದ ಮೇಲೂ ನಾನು ಯುವ ಘಟಕದ ಸಂಚಾಲಕನಾಗಿಯೇ ಉಳಿದಿದ್ದೆ. ನಮ್ಮದು ಕೃತಕ ಹಲ್ಲಿನ ಸೆಟ್ಟು ಮಾಡುವವರ ಸಂಘ. ಮೀಸೆ ನೆಟ್ಟಗೆ ಮೂಡದ ಕಾಲದಲ್ಲಿ ಆ ಹುದ್ದೆ ಕೊಟ್ಟಿದ್ದರು. ಆಮೇಲೆ ಕೇಳುವವರು ಯಾರೂ ಬರಲಿಲ್ಲ, ಬಿಡುವ ಮನಸ್ಸು ನನಗೂ ಬರಲಿಲ್ಲ. ವೇದಿಕೆಯ ಎಡತುದಿಯ ಕುರ್ಚಿ ನನ್ನದು ಅಂತ ಎಲ್ಲರಿಗೂ ಗೊತ್ತಿತ್ತು.

ಹೊಸಬರು ಬರುತ್ತಲೇ ಇರಲಿಲ್ಲ ಅಂತಲ್ಲ. ಒಂದು ಸಭೆಗೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಫೋನು ತಿಕ್ಕಿಕೊಂಡು, ಕಾಫಿಯ ಹೊತ್ತಿಗೆ ಮಂಗಮಾಯವಾಗುತ್ತಿದ್ದರು. ಈಗಿನವರಿಗೆ ತಾಳ್ಮೆಯಿಲ್ಲ ಅನ್ನುವುದು ನನ್ನ ತೀರ್ಮಾನ. ಈ ವಿಷಯದ ಮೇಲೆ ನಾನು ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ಮಾತನಾಡಿದ್ದೇನೆ ಕೂಡ.

ನಮ್ಮ ಅಧ್ಯಕ್ಷರನ್ನು ನಾವು ಹಿಂದಿನಿಂದ 'ಮೇಣದ ಮೇಷ್ಟ್ರು' ಅನ್ನುತ್ತೇವೆ. ಮೇಣದ ಮೇಲೆ ಹಲ್ಲು ಜೋಡಿಸುವುದನ್ನು ನಮಗೆಲ್ಲ ಕಲಿಸಿದವರು ಅವರೇ. ವಾರ್ಷಿಕ ಸಭೆಗೆ ಇನ್ನೂ ಕೆಲವು ವಾರ ಇರುವಾಗ ಒಂದು ದಿನ ನನ್ನ ಕಾರ್ಯಾಗಾರಕ್ಕೆ ಬಂದು ಸ್ಟೂಲಿನ ಮೇಲೆ ಕೂತರು.

"ಏನಯ್ಯಾ, ಯುವ ಘಟಕದಲ್ಲಿ ನಿನ್ನ ಬಿಟ್ರೆ ಇನ್ಯಾವ ಯುವಕ ಇದಾನೆ? ಈ ಸಲಾನೂ ಯಾರೂ ಸೇರ್ಲಿಲ್ಲ ಅಂದ್ರೆ ಘಟಕ ಮುಚ್ಬಿಡೋಣ. ನೀನೂ ಕೆಳಗೆ ಬಂದು ಕೂತ್ಕೋ, ಫ್ಯಾನು ಚೆನ್ನಾಗಿ ಸಿಗುತ್ತೆ."

ಅವರು ನಕ್ಕರು. ನಾನೂ ನಕ್ಕೆ. ಆದರೆ ಆ ಕುರ್ಚಿ ಹೋದರೆ ನಾನು ಬರೀ ಹಲ್ಲು ಉಜ್ಜಿ ಹೊಳಪು ಕೊಡುವವನು.

ಅಕ್ಕನ ಮಗಳು ಪುಟ್ಟಿ ನೆನಪಾದಳು. ನನ್ನ ಹತ್ತಿರವೇ ಕೆಲಸ ಕಲಿತು, ಈಗ ಒಂದು ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ತಾನೇ ಸೆಟ್ಟು ಮಾಡುತ್ತಾಳೆ. ಭಾನುವಾರ ಅವಳ ವಯಸ್ಸಿನ ನಾಲ್ಕಾರು ಜನ ಅಲ್ಲಿ ಸೇರಿ ಒಬ್ಬರ ಕೆಲಸ ಒಬ್ಬರು ನೋಡುತ್ತಾರೆ ಅಂತ ಕೇಳಿದ್ದೆ. ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಬಾ ಅಂದೆ.

"ಬಂದು ಏನ್ಮಾಡೋದು ಮಾವ? ಹೋದ್ಸಲ ನಮ್ಮವನೊಬ್ಬ ಬಂದಿದ್ದ. ಮೊದ್ಲು ಕುರ್ಚಿ ಹಾಕು ಅಂದ್ರಂತೆ, ಕೊನೇಲಿ ವಂದನಾರ್ಪಣೆ ಮಾಡು ಅಂದ್ರಂತೆ. ಮಧ್ಯ ಅವನಿಗೆ ಏನೂ ಕೆಲಸಾನೇ ಇರ್ಲಿಲ್ವಂತೆ."

"ನಿನಗೆ ಹಾಗೆ ಮಾಡ್ತೀನೇನೇ? ನಿನ್ನ ಕೆಲಸ ತೋರ್ಸು. ವೇದಿಕೆ ಮೇಲೆ, ಮೇಜು ಹಾಕಿಸಿ. ಅರ್ಧ ಗಂಟೆ ಪೂರ್ತಿ ನಿಂದೇ."

ಅವಳು ನನ್ನ ಮುಖವನ್ನೇ ನೋಡಿದಳು. "ನಿಜವಾಗ್ಲೂ?"

"ಮಾವನ ಮಾತಿನ ಮೇಲೆ ನಂಬಿಕೆ ಇಲ್ವಾ?"

ನಂಬಿದಳು. ಏನು ತೋರಿಸುತ್ತಾಳೆ ಅಂತಲೂ ಹೇಳಿದಳು: ಹಳೆಯ ಸೆಟ್ಟಿಗೆ ಬಾಯಿ ಒಗ್ಗಿಹೋದವರಿಗೆ ಅದೇ ಅಚ್ಚಿನ ಹೊಸ ಸೆಟ್ಟು ಮಾಡುವ ಬಗೆ. ಅದಕ್ಕೆ ಅಕ್ಕನ ಹಲ್ಲೇ ಬೇಕಾಗಿತ್ತು. ಅಕ್ಕನಿಗೆ ನಾನು ಆಮೇಲಾಮೇಲೆ ಮಾಡಿಕೊಟ್ಟ ಹೊಸ ಸೆಟ್ಟುಗಳೆಲ್ಲ ಬಾಯಿಗೆ ಒಗ್ಗದೆ ಡ್ರಾಯರಿನಲ್ಲಿ ಬಿದ್ದಿವೆ. ಸವೆದು ಸವೆದು ಚಪ್ಪಟೆಯಾದ ಮೊದಲಿನದನ್ನೇ ಅವಳು ಹಾಕಿಕೊಳ್ಳುತ್ತಾಳೆ. ಹಲ್ಲಿಲ್ಲದೆ ಅಕ್ಕ ಮನೆಯ ಬಾಗಿಲಿಗೂ ಬರುವವಳಲ್ಲ. ಮಗಳಿಗೋಸ್ಕರ ಹಲ್ಲು ಬಿಚ್ಚಿಕೊಟ್ಟು ಸಭೆಯಲ್ಲಿ ಕೂರಲು ಒಪ್ಪಿದಳು.

ಸಭೆಯ ದಿನ ಪುಟ್ಟಿಯ ಗೆಳೆಯರು ಮುಂದಿನಿಂದ ಎರಡನೆಯ ಸಾಲಿನಲ್ಲೇ ಕೂತರು. ಮೇಣದ ಮೇಷ್ಟ್ರು ನನ್ನ ಕಡೆ ಬಾಗಿ, "ಪರವಾಗಿಲ್ವೇ, ಫಸಲು ಚೆನ್ನಾಗಿದೆ" ಅಂದರು. ನನಗೆ ಎದೆ ಉಬ್ಬಿತು. ವೇದಿಕೆಯಲ್ಲಿದ್ದ ಹಿರಿಯರೆಲ್ಲ ಒಬ್ಬರಾದ ಮೇಲೊಬ್ಬರು 'ಎರಡು ಮಾತು' ಆಡಿ ಮುಗಿಸಿದಾಗ ಹೊತ್ತು ಸಾಕಷ್ಟು ಹೋಗಿತ್ತು. ಇನ್ನು ನಾನು ಪುಟ್ಟಿಯನ್ನು ಪರಿಚಯಿಸಿ ಕೂರಬೇಕು, ಅಷ್ಟೆ.

ಪುಟ್ಟಿ ಮೇಜಿನ ಹಿಂದೆ ನಿಂತಿದ್ದಳು. ಮುಂದೆ ರಬ್ಬರ್ ಬಟ್ಟಲು, ಅಚ್ಚಿನ ಪುಡಿ, ಅಳತೆಯ ನೀರು, ಒಂದು ಡಬ್ಬಿಯಲ್ಲಿ ಅಕ್ಕನ ಹಲ್ಲು. ಈ ಪುಡಿಗೆ ನೀರು ಬಿತ್ತೆಂದರೆ ಅದು ಯಾರಿಗೂ ಕಾಯುವುದಿಲ್ಲ. ಕಲಸಿ, ಹಲ್ಲು ಒತ್ತಬೇಕು. ಸ್ವಲ್ಪ ತಡವಾದರೂ ರಬ್ಬರಿನ ಹಾಗೆ ಬಿಗಿದುಕೊಳ್ಳುತ್ತದೆ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಮೈಕಿಗೆ ಕೈಯಡ್ಡ ಇಟ್ಟು ನಾನೇ ಅವಳಿಗೆ ಹೇಳಿದೆ: "ಕಲಸ್ತಾ ಇರು, ಎರಡೇ ಮಾತು."

ಅವಳು ಕಲಸತೊಡಗಿದಳು. ನಾನು ಶುರುಮಾಡಿದೆ.

ಇವಳು ನನ್ನ ಸ್ವಂತ ಅಕ್ಕನ ಮಗಳು ಅಂದೆ. ನನ್ನ ಕೈಯಲ್ಲೇ ಕಲಿತವಳು ಅಂದೆ. ನಮ್ಮ ಕಾಲದಲ್ಲಿ ಇಂಥ ಪುಡಿ ಎಲ್ಲಿತ್ತು ಅಂದೆ. ಅಲ್ಲಿಂದ ನಮ್ಮ ಕಾಲಕ್ಕೆ ಹೋದವನು ಅಲ್ಲೇ ತಿರುಗಾಡತೊಡಗಿದೆ. ಯುವಕರನ್ನು ಸೆಳೆಯಲು ನಾನು ಪಟ್ಟ ಪಾಡು ಬಂತು. ಯುವಕರು ಉಳಿಯದಿರಲು ಕಾರಣಗಳೂ ಬಂದವು. ಹಿರಿಯರು ತಲೆದೂಗಿದರು. ತಲೆದೂಗುವವರನ್ನು ಕಂಡರೆ ನನ್ನ ನಾಲಿಗೆಗೆ ಕಾಲು ಬರುತ್ತದೆ.

ಪಕ್ಕದಲ್ಲಿ ಟಪ್ ಅಂತ ಸದ್ದಾಯಿತು. ಪುಟ್ಟಿ ಬಟ್ಟಲು ಮಡಚಿ, ಬಿಗಿದುಹೋದ ಮುದ್ದೆಯನ್ನು ಬುಟ್ಟಿಗೆ ಹಾಕಿದ್ದಳು.

"ಕೊನೆಯದಾಗಿ ಒಂದು ಮಾತು" ಅಂದೆ. ಅವಳು ಅದನ್ನು ನಂಬಿ ಮತ್ತೆ ಪುಡಿ ಸುರಿದು ಕಲಸಿದಳು. ನಾನು ಆ ಒಂದು ಮಾತಿಗೆ ಇನ್ನೊಂದು ಕಟ್ಟಿದೆ. ಟಪ್. ಎರಡನೆಯ ಮುದ್ದೆಯೂ ಹೋಯಿತು. ಮತ್ತೊಮ್ಮೆ "ಮುಗಿಸುವ ಮುನ್ನ" ಅಂದಾಗ ಅವಳು ಬಟ್ಟಲನ್ನು ಮುಟ್ಟಲೇ ಇಲ್ಲ.

ಆಗ ನಾನು ಸಭೆಯ ಕಡೆ ನೋಡಿದೆ. ಎರಡನೆಯ ಸಾಲು ಖಾಲಿಯಾಗಿತ್ತು. ಮೊದಲ ಸಾಲಿನಲ್ಲಿ ಅಕ್ಕ ಒಬ್ಬಳೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನಾನು ಶುರುಮಾಡಿದಾಗಲೂ ಹಾಗೇ ಕೂತಿದ್ದಳು. ಆ ಕೈ ಅಲ್ಲಿಂದ ಇಳಿದಿರಲಿಲ್ಲ. ನಮ್ಮಕ್ಕನ ಕಣ್ಣಿನಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ನೋಡದೆ ನೆಲ ನೋಡುತ್ತಿದ್ದಳು, ನನ್ನ ಪಾಲಿನ ನಾಚಿಕೆಯನ್ನೂ ಅವಳೇ ಪಟ್ಟುಕೊಳ್ಳುತ್ತಿದ್ದ ಹಾಗೆ. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಸಭಾಂಗಣದ ಕಾವಲುಗಾರ ಬಂದು, ಇನ್ನೊಬ್ಬರಿಗೆ ಕೊಟ್ಟಾಗಿದೆ ಸ್ವಾಮಿ, ಖಾಲಿ ಮಾಡಿ ಅಂದ. ಮೇಣದ ಮೇಷ್ಟ್ರು ಗಡಿಯಾರ ನೋಡಿದರು. "ಪ್ರಾತ್ಯಕ್ಷಿಕೆ ಮುಂದಿನ ಸಲ ಇಟ್ಕೊಳ್ಳೋಣ. ಮಗು, ನೀನೇ ಎರಡು ಮಾತಲ್ಲಿ ವಂದನಾರ್ಪಣೆ ಮಾಡ್ಬಿಡಮ್ಮ."

ಪುಟ್ಟಿ ಮೈಕಿನ ಮುಂದೆ ಬಂದಳು. "ಎಲ್ಲರಿಗೂ ಧನ್ಯವಾದ" ಅಂದಳು. ಆಮೇಲೆ ಡಬ್ಬಿ ಹಿಡಿದು ವೇದಿಕೆಯಿಂದ ಇಳಿದು ಹೋದಳು. "ಅಮ್ಮಾ, ಹಲ್ಲು ತಗೋ." ಮೈಕು ದೂರವಿದ್ದರೂ ಎಲ್ಲರಿಗೂ ಕೇಳಿಸಿತು. ಒಂದಿಬ್ಬರು ನಕ್ಕರು. ಅಕ್ಕ ಗೋಡೆಗೆ ಮುಖ ತಿರುಗಿಸಿ ಹಲ್ಲು ಹಾಕಿಕೊಂಡಳು.

ವಾರವಿಡೀ ಕೆಲಸದಲ್ಲಿ ಕೈ ಓಡಲಿಲ್ಲ. ಅಕ್ಕನ ಮನೆಗೆ ಹೋದರೆ ಅವಳು ಊಟಕ್ಕೆ ಬಡಿಸಿದಳು, ಬೈಯಲಿಲ್ಲ. "ಅವಳು ಎರಡು ರಾತ್ರಿ ಕೂತು ಅಭ್ಯಾಸ ಮಾಡಿದ್ಲು ಕಣೋ" ಅಂದಳು, ಅಷ್ಟೇ.

ಭಾನುವಾರ ಪುಟ್ಟಿಯ ಕೋಣೆಗೆ ಹೋದೆ. ತಪ್ಪಾಯ್ತು ಅನ್ನಬೇಕು, ಹಾಗೇ ಮೆಲ್ಲಗೆ ಸಂಘದ ವಿಷಯವನ್ನೂ ಎತ್ತಬೇಕು ಅಂದುಕೊಂಡಿದ್ದೆ. ಹೌದು, ಅಷ್ಟಾದ ಮೇಲೂ ಅದು ನನ್ನ ತಲೆಯಲ್ಲಿತ್ತು. ಒಳಗೆ ಅವಳ ಗೆಳೆಯರು ಮೇಜಿನ ಸುತ್ತ ನಿಂತಿದ್ದರು.

"ತಪ್ಪಾಯ್ತು ಕಣಮ್ಮಾ" ಅಂದೆ.

"ಬನ್ನಿ ಮಾವ. ಇವತ್ತು ಅದನ್ನೇ ಮಾಡ್ತಿದೀವಿ" ಅಂದಳು. ಯಾರೋ ಸರಿದು ಜಾಗ ಬಿಟ್ಟರು.

ಅವಳು ಕಲಸಿದಳು, ಅಕ್ಕನ ಹಲ್ಲನ್ನು ಒತ್ತಿದಳು, ಅಚ್ಚು ಬಿಡಿಸಿದಳು. ಕೈ ಎಷ್ಟು ಹಗುರವಾಗಿ ಓಡುತ್ತಿತ್ತು! ಒಬ್ಬೊಬ್ಬರೂ ಕೇಳಿದರು, ಅವಳು ಹೇಳಿದಳು, ಗೊತ್ತಿಲ್ಲದಲ್ಲಿ ಗೊತ್ತಿಲ್ಲ ಅಂದಳು. ನಾನು ಇಷ್ಟು ವರ್ಷ ಅಕ್ಕನಿಗೆ ಮಾಡಲಾಗದ್ದು ಇಲ್ಲಿ ಆಗುತ್ತಿತ್ತು. ಸಂತೋಷ ಉಕ್ಕಿ ಬಂತು. ಇದನ್ನು ಮುಂದಿನ ಸಭೆಯಲ್ಲಿ ಹೇಗೆ ಹೇಳಬಹುದು ಅನ್ನಿಸಿತು. 'ಮಾನ್ಯರೇ, ಮೊನ್ನೆ ನಾನೊಂದು ಸಣ್ಣ ಕೋಣೆಗೆ ಹೋಗಿದ್ದೆ' ಅಂತ ಶುರುಮಾಡಿದರೆ ಹೇಗೆ? ಅಲ್ಲಿ ಕೊಂಚ ನಿಲ್ಲಿಸಬೇಕು. ಆಮೇಲೆ...

"ಮಾವ, ನಿಮ್ಮನ್ನೇ ಕೇಳಿದ್ದು."

ತಲೆಯೆತ್ತಿದೆ. ಅವಳ ಕೈಯಲ್ಲಿ ಆಗಲೇ ಆ ಅಚ್ಚಿನಿಂದ ತೆಗೆದ ಮೇಣದ ಸೆಟ್ಟು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇದು ಅಳತೆ ತೆಗೆಯೋ ಯಂತ್ರಕ್ಕೂ ಗೊತ್ತಾಗಲ್ಲ, ನಮಗೂ ಗೊತ್ತಿಲ್ಲ. ನೀವು ಬಂದಿದ್ದು ಒಳ್ಳೇದಾಯ್ತು. ಇಲ್ಲಿ ನೀವಾಗಿದ್ರೆ ಎಷ್ಟು ಬಿಡ್ತಿದ್ರಿ?"

ಆ ಕೋಣೆಯಲ್ಲಿ ನನ್ನ ಅನುಭವ ಅಂತ ಒಂದಿದ್ದರೆ ಅದು ಅವರಿಗೆ ಬೇಕಾಗಿತ್ತು. ವೇದಿಕೆ ಹತ್ತಿದ ದಿನದಿಂದ ಚಿಕ್ಕವರೊಬ್ಬರೂ ನನ್ನನ್ನು ಹೀಗೆ ಏನೂ ಕೇಳಿರಲಿಲ್ಲ. ಅವರು ಕೇಳಿದಾಗ ನಾನು ಅಲ್ಲಿರಲೇ ಇಲ್ಲ. ಎಲ್ಲಿ ಬಿಡುವುದು, ಏನು ಬಿಡುವುದು, ಒಂದೂ ಗೊತ್ತಿರಲಿಲ್ಲ. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಪುಟ್ಟಿ ಪೆನ್ಸಿಲ್ ಹಿಡಿದು ಬರೆದುಕೊಳ್ಳಲು ಕಾಯುತ್ತಿದ್ದಳು. ಅದನ್ನು ನೋಡಿ ಜಾರಿಕೊಳ್ಳಲು ಆಗಲಿಲ್ಲ.

"ನಾನು ಕೇಳಿಸ್ಕೊಳ್ತಾ ಇರ್ಲಿಲ್ಲ ಕಣಮ್ಮಾ" ಅಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಸರಿ ಮಾವ" ಅಂದಳು ಪುಟ್ಟಿ, "ಮೊದಲಿಂದ ಹೇಳ್ತೀನಿ." ಅವಳು ಶುರುಮಾಡಿದಳು. ಆಗಲೇ ಎಲ್ಲ ತಿಳಿದುಕೊಂಡಿದ್ದ ಆ ಹುಡುಗ ಹುಡುಗಿಯರು ಫೋನು ತೆಗೆಯದೆ, ಹೊರಗೆ ಹೋಗದೆ, ನನಗೋಸ್ಕರ ಕೈಕಟ್ಟಿ ನಿಂತು ಕಾದರು.