ಅಂಕಮ್ಮನ ಶಾಪಕ್ಕೆ ತಮಟೆ ಬಿತ್ತು

ಬೆಳಕವಾಡಿಯಲ್ಲಿ ಅಂಕಮ್ಮನ ಕೋಳಿ ಕದ್ದು ಅರಗಿಸಿಕೊಂಡವರಿಲ್ಲ. ಕೋಳಿ ಕಾಣದ ದಿನ ಅವಳು ಮೂರು ದಾರಿ ಕೂಡುವಲ್ಲಿ ನಿಂತು, ಹಿಡಿ ಹಿಡಿ ಮಣ್ಣು ತೂರಿ, ಕದ್ದವನ ಹೆಸರು ಗೊತ್ತಿಲ್ಲದಿದ್ದರೂ ಅವನ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಕೋಳಿ ಹಿತ್ತಲಲ್ಲಿ ಬಂದು ನಿಂತಿರುತ್ತಿತ್ತು.

ಅಂಥ ಅಂಕಮ್ಮನ ಮನೆಯಲ್ಲೇ, ಒಂಬತ್ತನೇ ಕ್ಲಾಸಿನ ಮಗಳು ಶ್ವೇತ ಮುದ್ದೆ ಮುಟ್ಟದೆ ಮೂಲೆ ಹಿಡಿದಳು.

"ನಾನಿನ್ನು ಇಸ್ಕೂಲ್ಗೆ ಓಗಕಿಲ್ಲ."

"ಯಾರ ಕಣ್ಣು ಬಿತ್ತೋ!" ಎಂದು ಅಂಕಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಮನೆ ಕೆಮ್ಮಿತು. ಶ್ವೇತ ಕೆಮ್ಮುತ್ತಲೇ ಅತ್ತು ಫೋನು ತೋರಿಸಿದಳು. ಯಾವನೋ ಸುಳ್ಳು ಹೆಸರಿನವನು ಅವಳ ಮುಖವನ್ನು ಎಮ್ಮೆಯ ಮೈಗೆ ಅಂಟಿಸಿ ಶಾಲೆ ಹುಡುಗರ ಗುಂಪಿಗೆ ಬಿಟ್ಟಿದ್ದ. ಮನೆಯಲ್ಲಿ ಹೇಳಿದರೆ ಇದಕ್ಕಿಂತ ಕೆಟ್ಟದ್ದು ಹಾಕುತ್ತೇನೆಂಬ ಬೆದರಿಕೆ ಬೇರೆ.

ಅಪ್ಪ ಪುಟ್ಟರಾಜು ಎದ್ದು ನಿಂತ. "ಫೋನ್ ಕಿತ್ತು ಬಾವಿಗಾಕು. ಇಸ್ಕೂಲೂ ಸಾಕು, ಮನೇಲಿರ್ಲಿ."

"ನೀನ್ ಸುಮ್ಕಿರು. ಕೋಳಿ ತರ್ಸಿರೋ ಬಾಯಿ ಇದು, ಇವನ್ಯಾವ ದೊಡ್ಡೋನು? ಎಲ್ಲಿ ಒತ್ಬೇಕು ತೋರ್ಸವ್ವ," ಎಂದ ಅಂಕಮ್ಮ, ಅಭ್ಯಾಸಕ್ಕೆ ಒಂದು ಹಿಡಿ ಮಣ್ಣನ್ನೂ ಫೋನಿನ ಮೇಲೆ ತೂರಿ, ಆ ಗುಂಪಿಗೇ ದನಿ ಕಳಿಸಿದಳು:

"ಲೇ, ನಿನ್ನ ಮುದ್ದೆ ಗಂಟಾಗ! ನಿನ್ನ ಸಾರು ಹಳಸೋಗ! ನಿನ್ನ ಮದ್ವೆ ದಿನ ಕರೆಂಟೋಗ!"

ಕೋಳಿ ಬರಲಿಲ್ಲ, ತಮಟೆ ಬಂತು. ಮಾರನೆಯ ದಿನ ಹಿಟ್ಟಿನ ಗಿರಣಿಗೆ ಹೋದರೆ, ಅವಳ ಶಾಪಕ್ಕೇ ತಮಟೆ ಬಡಿತ ಸೇರಿಸಿ ಯಾರೋ ಹಾಡು ಮಾಡಿದ್ದರು. ಗಿರಣಿಯ ಚಿಕ್ಕಮಾದು ಫೋನು ಹಿಡಿದು ಕುಣಿಯುತ್ತಿದ್ದ. ಅಂಕಮ್ಮ ತಲೆ ತುಂಬ ಸೆರಗು ಹೊದ್ದು, ರಾಗಿಯನ್ನು ಬೀಸಿಸದೆ ವಾಪಸು ಬಂದಳು.

"ನನ್ ದನಿ ಕೇಳಿ ನಂಗೇ ಬೂಮಿ ಬಾಯ್ಬುಟ್ರೆ ಸಾಕು ಅನ್ನಿಸ್ತು ಕಣವ್ವ," ಎಂದು ಮಗಳ ಪಕ್ಕ ಕುಸಿದಳು. "ನಿಂಗೆ ಎಂಗಾಗಿರ್ಬೇಡ!"

ಸುದ್ದಿ ಕೇಳಿ ಎದುರು ಮನೆಯ ತಾಹೇರಾ ಬಂದಳು. ಬಟ್ಟೆ ಹೊಲಿಯುವವಳು, ಮಹಿಳಾ ಸಂಘದ ಗೆಳತಿ. ಹೋದ ವರ್ಷ ಅವಳ ಮಗಳು ಜಾಕಿಯಾಗೂ ಇಂಥದೇ ಆಗಿತ್ತು.

"ಅಂಕಮ್ಮಕ್ಕ, ಕೋಳಿ ಕದ್ದೋನು ನಿಮ್ ಬಾಯಿಗೆ ಹೆದರ್ತಾನೆ. ಇವ್ನಿಗೆ ನೀವು ಕೂಗೋದೇ ಹಬ್ಬ. ಉತ್ರ ಕೊಡ್ಬೇಡಿ."

"ಅಂಗಾರೆ ಸುಮ್ಕೆ ಕೂರೋದಾ?"

"ಬಾಯಿ ಸುಮ್ಕಿರ್ಲಿ. ಕೈ ಕೆಲ್ಸ ಮಾಡ್ಲಿ."

"ತತ್ತಾ ಇಲ್ಲಿ, ಎಲ್ಲಾ ಅಳಿಸಾಕ್ಬುಡ್ತೀನಿ," ಎಂದು ಪುಟ್ಟರಾಜು ಕೈ ಚಾಚಿದ.

"ಅಯ್ಯೋ, ಅಳಿಸ್ಬೇಡಿ ಅಣ್ಣ, ಅದೇ ಸಾಕ್ಷಿ! ಬೆದರಿಕೆ, ಖಾತೆ ಹೆಸ್ರು, ತಾರೀಕು ಎಲ್ಲ ಕಾಣಂಗೆ ಮೊದ್ಲು ಸ್ಕ್ರೀನ್‌ಶಾಟು. ಆಮ್ಯಾಕೆ ರಿಪೋರ್ಟು, ಬ್ಲಾಕು. ಅವ್ಳ ಫೋಟೋ ಗುರ್ತಿರೋರ್ಗೆ ಮಾತ್ರ ಕಾಣಂಗೆ ಬೀಗ ಹಾಕ್ಸಿ."

"ಇಸ್ಕೂಲು?" ಎಂದ ಪುಟ್ಟರಾಜು.

"ತಪ್ಪು ಮಾಡ್ದೋನು ಇಸ್ಕೂಲಲ್ಲಿ, ಇವ್ಳು ಮನೇಲಾ? ಫೋನ್ ಕಿತ್ಕೊಂಡು ಇಸ್ಕೂಲ್ ಬುಡ್ಸಿದ್ರೆ, ಮುಂದ್ಕೆ ಏನಾದ್ರೂ ಆದ್ರೆ ಮಗು ಬಾಯ್ಬುಡ್ತದಾ? ನಮ್ ಜಾಕಿಯಾ ಎಷ್ಟೋ ದಿನ ಒಬ್ಳೇ ಅತ್ಲು ಅಣ್ಣ. ಆ ಬೆದರಿಕೆಗಲ್ಲ, ನಾನು ಬೈತೀನಿ ಅಂತ."

ಪುಟ್ಟರಾಜು ಚಾಚಿದ್ದ ಕೈಯನ್ನು ಮಗಳ ತಲೆಯ ಮೇಲಿಟ್ಟ.

ಮರುದಿನ ಅಪ್ಪ, ಅವ್ವ, ಮಗಳು ಮೂವರೂ ಮಳವಳ್ಳಿ ಬಸ್ಸು ಹತ್ತಿದರು. ಶಾಲೆಯ ವೀಣ ಟೀಚರಿಗೆ ಸಾಕ್ಷಿ ತೋರಿಸಿ, ಪೊಲೀಸರಿಗೂ ದೂರು ಕೊಟ್ಟರು. ವಿಚಾರಿಸಿದಾಗ ಸುಳ್ಳು ಹೆಸರಿನವನು ಶ್ವೇತಳ ಕ್ಲಾಸಿನ ಹುಡುಗನೇ ಎಂದು ಗೊತ್ತಾಯಿತು. ಗುಂಪಿನಿಂದ ಆ ಚಿತ್ರ ತೆಗೆಸಿದರು. ಅವನು ಅಪ್ಪ ಅಮ್ಮನ ಜೊತೆ ಬಂದು ತಲೆ ತಗ್ಗಿಸಿ ತಪ್ಪಾಯಿತೆಂದಾಗ ಅಂಕಮ್ಮ ಬಾಯಿ ತೆರೆದಳು, ಶ್ವೇತ ಚಿವುಟಿದಳು, ಅಂಕಮ್ಮ ಮುಚ್ಚಿದಳು.

ಮೊನ್ನೆ ಮತ್ತೆ ಕೋಳಿ ಕಾಣೆಯಾಯಿತು; ಹಿತ್ತಲಲ್ಲಿ ಒಂದು ಪುಕ್ಕ ಮಾತ್ರ ಬಿದ್ದಿತ್ತು. ಅಂಕಮ್ಮ ಮಣ್ಣು ಹಿಡಿದು ದಾರಿಗೆ ಹೊರಟಳು. ಶಾಲೆಯ ಚೀಲ ಹೆಗಲಿಗೇರಿಸಿದ್ದ ಶ್ವೇತ ಹಿಂದಿನಿಂದ ಕೂಗಿದಳು:

"ತಡಿಯವ್ವ! ಮೊದ್ಲು ಪುಕ್ಕದ ಫೋಟೋ ತಕ್ಕೊ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವೂ ಹೀಗೆ ಊಟ ಬಿಟ್ಟು ಮೂಲೆ ಹಿಡಿದರೆ ಮೆಣಸಿನಕಾಯಿ ಸುಡುವ ಮುಂಚೆ ಪಕ್ಕದಲ್ಲಿ ಕೂತು ಕೇಳಿ. ಬೈಯಬೇಡಿ. ಸಾಕ್ಷಿ ಉಳಿಸಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಮಕ್ಕಳೇ, ಯಾರಾದರೂ ಬೆದರಿಸಿದರೆ ಅವತ್ತೇ ಮನೆಯಲ್ಲಿ ಹೇಳಿ. ಶಾಪ ಕೋಳಿ ಕಳ್ಳನಿಗಿರಲಿ, ಮಕ್ಕಳಿಗೆ ನಮ್ಮ ಕಿವಿ ಇರಲಿ.