ಎಲ್ಲಾ ಸೇರಿ ಏಳೂವರೆ

“ಭಾವ, ಅವರು ಗಾಡಿ ಕೊಡಲ್ವಂತೆ!”

ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಲಾಟರಿ ಕೂಗಿ ಹೇಳಿದ. ಗುಮಾಸ್ತ ಆಗ ಗೇಟಿನ ಮುಂದೆ ನಿಂತು ತನ್ನ ಹೊಸ ಕಾರಿನ ಬಾನೆಟ್ಟನ್ನು ಹಳದಿ ಬಟ್ಟೆಯಿಂದ ಒರೆಸುತ್ತಿದ್ದ. ಧೂಳೇನೂ ಇರಲಿಲ್ಲ. ರಜೆಯ ದಿನ ಬೀದಿಯಲ್ಲಿ ನಿಂತು ಕಾರು ಒರೆಸುತ್ತಿದ್ದರೆ ಹೋಗಿಬರುವವರು ಒಂದು ಮಾತಾಡಿಸಿ ಹೋಗುತ್ತಾರೆ, ಅಷ್ಟಕ್ಕೇ ಒರೆಸುತ್ತಿದ್ದ. ಷಡ್ಡಕನ ಮಾತು ಕಿವಿಗೆ ಬಿದ್ದದ್ದೇ ಅವನ ಹೊಟ್ಟೆ ತಣ್ಣಗಾಯಿತು. ಮುಖವನ್ನು ಮಾತ್ರ ಅಯ್ಯೋ ಪಾಪ ಎನ್ನುವ ಹಾಗೆ ಮಾಡಿಕೊಂಡ.

“ಯಾಕಂತೆ? ದುಡ್ಡು ಕಟ್ಟಿದ್ದೀಯಲ್ಲ?”

“ಪೂರ್ತಿ ಕಟ್ಟಿದ್ದೀನಿ ಭಾವ. ರಸೀದೀನೂ ಕೊಟ್ಟಿದ್ದಾರೆ. ಇವತ್ತು ಬಂದು ತಗೊಂಡು ಹೋಗಿ ಅಂದಿದ್ರು. ಈಗ ಫೋನ್ ಮಾಡಿ, ಬೆಲೆ ಹಾಕೋದ್ರಲ್ಲಿ ತಪ್ಪಾಗಿದೆ, ಇನ್ನೂ ಎರಡೂಕಾಲು ಲಕ್ಷ ಕಟ್ಟಿ, ಇಲ್ಲಾಂದ್ರೆ ನಿಮ್ಮ ದುಡ್ಡು ವಾಪಸ್ ತಗೊಳ್ಳಿ ಅಂತಾರೆ. ನೀವು ಕಾನೂನು ತಿಳಿದೋರು. ಸ್ವಲ್ಪ ಬನ್ನಿ, ನನಗೆ ಅಂಥವರ ಹತ್ರ ಮಾತಾಡೋಕೆ ಬರಲ್ಲ.”

ಗುಮಾಸ್ತನ ಕೈ ಬಾನೆಟ್ಟಿನ ಮೇಲೇ ನಿಂತಿತು. ಇನ್ನೂ ಎರಡೂಕಾಲು ಎಂದರೆ ಇವನು ಕಟ್ಟಿದ್ದು ಏಳೂವರೆ. ಅದೇ ಕಾರು, ಅದೇ ಮಾಡೆಲ್ಲು. ಗುಮಾಸ್ತ ಅದಕ್ಕೆ ಕೊಟ್ಟಿದ್ದು ಒಂಬತ್ತೂ ಮುಕ್ಕಾಲು. ತಣ್ಣಗಾಗಿದ್ದ ಹೊಟ್ಟೆ ಮತ್ತೆ ಉರಿಯತೊಡಗಿತು.

ಲಾಟರಿ ಎನ್ನುವ ಹೆಸರನ್ನು ಇಟ್ಟವನು ಗುಮಾಸ್ತನೇ. ಹೆಂಡತಿಯ ತಂಗಿಯನ್ನು ಮದುವೆಯಾದ ಹೊಸದರಲ್ಲಿ ಈ ಬೇಕರಿಯವನು ಒಂದು ಮೂಟೆ ಮೈದಾ ಕೊಂಡು, ಅಂಗಡಿಯವರು ಕೊಟ್ಟ ಬಹುಮಾನದ ಚೀಟಿಗೆ ಫ್ರಿಜ್ಜು ಗೆದ್ದಿದ್ದ. ಹೋಗಲಿ ಬಿಡು ಎನ್ನುವಷ್ಟರಲ್ಲಿ ಅವನ ಬೇಕರಿಯ ಎದುರಿಗೇ ಕಾಲೇಜು ಬಂತು. ಅವನ ತಲೆಯಲ್ಲಿ ಒಂದು ಕೂದಲೂ ಉದುರಿರಲಿಲ್ಲ. ಅತ್ತೆಯ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದುದು ಅವನಿಗೆ, ಅವನು ಬಂದ ಮೇಲೆಯೇ ನಗು ಶುರುವಾಗುತ್ತಿತ್ತು. ಲಾಯರ ಆಫೀಸಿನಲ್ಲಿ ಇಷ್ಟು ವರ್ಷ ಕಡತ ಹೊತ್ತು ಬೆನ್ನು ಬಗ್ಗಿಸಿದವನಿಗೆ ಬಾರದ್ದೆಲ್ಲ ಹಿಟ್ಟು ಕಲೆಸುವವನಿಗೆ ಹೇಗೆ ಬರುತ್ತದೆ ಎಂಬುದು ಗುಮಾಸ್ತನಿಗೆ ಬಿಡಿಸಲಾಗದ ಲೆಕ್ಕವಾಗಿತ್ತು.

ಕಾರೊಂದರಲ್ಲಿ ಮಾತ್ರ ಗುಮಾಸ್ತ ಮುಂದಾಗಿದ್ದ. ಕಾರು ಮನೆಗೆ ಬಂದ ದಿನ ಲಾಟರಿ ಅದನ್ನು ಸುತ್ತುಹಾಕಿ, ಬಾಗಿಲು ತೆಗೆದು ಹಾಕಿ, ತನ್ನದೇ ಎನ್ನುವಷ್ಟು ಖುಷಿಪಟ್ಟಿದ್ದ. ಆ ಖುಷಿಯೇ ಗುಮಾಸ್ತನಿಗೆ ಸರಿಬರಲಿಲ್ಲ. ಸ್ವಲ್ಪವಾದರೂ ಹೊಟ್ಟೆಕಿಚ್ಚುಪಡಬಾರದೇ ಅನ್ನಿಸಿತ್ತು.

“ಎಷ್ಟಾಯ್ತು ಭಾವ? ನಾನೂ ಒಂದ್ಸಲ ಹೋಗಿ ವಿಚಾರಿಸಿದ್ದೆ. ಒಂಬತ್ತೂ ಮುಕ್ಕಾಲು ಅಂದ್ರು, ಬಾಯಿ ಮುಚ್ಕೊಂಡು ಬಂದುಬಿಟ್ಟೆ,” ಎಂದಿದ್ದ ಅವತ್ತು.

ನಿಜ ಹೇಳಿದರೆ ಚೌಕಾಶಿ ಬಾರದವರಲ್ಲಿ ಇಬ್ಬರೂ ಸಮ ಆಗಿಬಿಡುತ್ತಿದ್ದರು. “ಎಲ್ಲಾ ಸೇರಿ ಏಳೂವರೆ,” ಎಂದು ಗುಮಾಸ್ತನ ಬಾಯಿ ತಾನಾಗಿ ಹೇಳಿಬಿಟ್ಟಿತ್ತು. ಏಳೂವರೆ ಎನ್ನುವುದು ಅದೇ ಕಾರಿನ ಕೆಳಗಿನ ಮಾಡೆಲ್ಲಿನ ಬೆಲೆ. ಷೋರೂಮಿನಲ್ಲಿ ಪಕ್ಕದ ಗಾಡಿಯ ಗಾಜಿಗೆ ಅಂಟಿಸಿದ್ದ ಆ ಚೀಟಿಯನ್ನು ನೋಡಿ ನೋಡಿ ಅವನಿಗೆ ಅದೇ ನಾಲಿಗೆಯ ಮೇಲಿತ್ತು. ಹೇಳಿದ ಮೇಲೆ ಅದಕ್ಕೆ ಕೈಕಾಲು ಮೂಡಿಸಬೇಕಾಯಿತು. ಮ್ಯಾನೇಜರು ಒಪ್ಪದಿದ್ದಾಗ ತಾನು ಎದ್ದು ಬಾಗಿಲ ತನಕ ಹೋದದ್ದು, ಅವನು ‘ಸಾರ್, ಸಾರ್, ನಿಲ್ಲಿ’ ಎಂದು ಓಡಿಬಂದು ಬಾಗಿಲ ಹಿಡಿ ಹಿಡಿದುಕೊಂಡದ್ದು, ಎಲ್ಲ ಒಂದೊಂದಾಗಿ ಸೇರಿಕೊಂಡವು. ನಿಜವಾಗಿ ನಡೆದದ್ದು ಏನೆಂದರೆ, ಗುಮಾಸ್ತ ಬೆವರುತ್ತ ಕುಳಿತು ಹೇಳಿದಷ್ಟು ಕೊಟ್ಟು ಬಂದಿದ್ದ. ಕಾಲಡಿಗೆ ಹಾಸುವ ಮ್ಯಾಟನ್ನು ಬಿಟ್ಟಿ ಕೊಡಿ ಎಂದು ಕೇಳಲು ಕೂಡ ಬಾಯಿ ಬಂದಿರಲಿಲ್ಲ. ಸಾಲದ ಕಂತು ಸಂಬಳದಲ್ಲೇ ಕಡಿತವಾಗುತ್ತಿದ್ದುದರಿಂದ ಹೆಂಡತಿಗೂ ಅದು ಏಳೂವರೆಯ ಕಾರೇ. ಬಂದವರ ಮುಂದೆಲ್ಲ ಅವಳು ಆ ಬಾಗಿಲ ಕಥೆಯನ್ನು ಹೇಳಿಸುತ್ತಿದ್ದಳು. ಹೇಳಿ ಹೇಳಿ ಅದು ಅವನಿಗೇ ನಿಜದಂತೆ ಆಗಿಹೋಗಿತ್ತು.

ಈಗ ನೋಡಿದರೆ, ತಾನು ಸುಳ್ಳಿನಲ್ಲಿ ಕೊಂಡದ್ದನ್ನು ಇವನು ನಿಜದಲ್ಲೇ ಕೊಂಡುಬಿಟ್ಟಿದ್ದಾನೆ!

“ನಡಿ, ಬರ್ತೀನಿ,” ಅಂದ ಗುಮಾಸ್ತ. ಸಹಾಯಕ್ಕಲ್ಲ. ಈ ಲಾಟರಿಯ ಚೀಟಿ ಹರಿದುಹೋಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಹೊರಡುವಾಗ ನಾದಿನಿ ಬಾಗಿಲಿಗೆ ಬಂದಳು. ತುಂಬು ಬಸುರಿ. ಕಾರು ಬಂದ ಮೇಲೆ ಅದರಲ್ಲೇ ಮನೆಗೆ ಹೋಗೋಣ ಎಂದು ಬೆಳಗ್ಗೆಯೇ ಆಟೋದಲ್ಲಿ ಅಕ್ಕನ ಮನೆಗೆ ಬಂದು ಕಾಯುತ್ತಿದ್ದಳು. “ಭಾವ, ಹೇಗಾದ್ರೂ ಮಾಡಿ ಕೊಡಿಸಿಬಿಡಿ. ಆಸ್ಪತ್ರೆಯಿಂದ ಮಗುನ ನಮ್ಮ ಕಾರಲ್ಲೇ ಕರ್ಕೊಂಡು ಬರ್ಬೇಕು ಅಂತ ಇವರಿಗೆ ಒಂದೇ ಹುಚ್ಚು,” ಎಂದಳು. ಗುಮಾಸ್ತ ತಲೆಯಾಡಿಸಿ, ಹಳದಿ ಬಟ್ಟೆಯನ್ನು ಗೇಟಿನ ಮೇಲೆ ಹಾಕಿ, ಲಾಟರಿಯನ್ನು ಪಕ್ಕ ಕೂರಿಸಿಕೊಂಡು ತನ್ನ ಕಾರಿನಲ್ಲೇ ಹೊರಟ.

ದಾರಿಯಲ್ಲಿ ಲಾಟರಿ ಕೇಳಿದ, “ಕಾನೂನು ಏನನ್ನುತ್ತೆ ಭಾವ?”

“ಗಾಜಿನ ಮೇಲೆ ಬೆಲೆ ಅಂಟಿಸಿದ್ದಾರೆ ಅಂದಮಾತ್ರಕ್ಕೆ ಕೊಡಲೇಬೇಕು ಅಂತಿಲ್ಲ. ಅದು ಬರೀ ಕರೆಯೋದು, ಬನ್ನಿ ನೋಡಿ ಅಂತ. ಆದ್ರೆ ದುಡ್ಡು ತಗೊಂಡು ರಸೀದಿ ಕೊಟ್ಟುಬಿಟ್ರೆ ವ್ಯಾಪಾರ ಮುಗಿದ ಹಾಗೆ. ಆಮೇಲೆ ತಪ್ಪಾಯ್ತು ಅಂದ್ರೆ ಗ್ರಾಹಕರ ನ್ಯಾಯಾಲಯ ಸುಮ್ನೆ ಬಿಡಲ್ಲ.”

“ಹಾಗಾದ್ರೆ ಗೆದ್ದಂಗೇ!” ಎಂದು ಲಾಟರಿ ತೊಡೆ ತಟ್ಟಿಕೊಂಡ.

ಲಾಯರು ಹೇಳುತ್ತಿದ್ದ ಇನ್ನೊಂದು ಮಾತನ್ನು ಗುಮಾಸ್ತ ಹೇಳಲಿಲ್ಲ. ಬೆಲೆ ತಪ್ಪು ಎಂದು ಕೊಳ್ಳುವವನಿಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೊಂಡಿದ್ದರೆ ಕಾನೂನು ಅವನ ಕೈ ಹಿಡಿಯುವುದಿಲ್ಲ. ಇವನಿಗೆ ಗೊತ್ತಿರದೆ ಇರುತ್ತದೆಯೇ? ಒಂಬತ್ತೂ ಮುಕ್ಕಾಲು ಎಂದು ತಾನೇ ಕೇಳಿಕೊಂಡು ಬಂದವನು. ಆ ಪ್ರಶ್ನೆಯನ್ನು ಮ್ಯಾನೇಜರು ಕೇಳಿಯೇ ಕೇಳುತ್ತಾನೆ. ಆಗ ಈ ನಗುಮುಖ ಹೇಗಾಗುತ್ತದೋ ನೋಡೋಣ ಎಂದುಕೊಂಡು ಗುಮಾಸ್ತ ಗೇರು ಬದಲಿಸಿದ.

ಷೋರೂಮಿನ ತುಂಬ ಹೊಸ ರಬ್ಬರಿನ ವಾಸನೆ. ಲಾಟರಿಯ ಕಾರು ಒಂದು ಮೂಲೆಯಲ್ಲಿ ತೊಳೆದು ನಿಲ್ಲಿಸಿದಂತೆಯೇ ನಿಂತಿತ್ತು. ಒಳಗೆ ಗಾಜಿನ ಕೋಣೆಯಲ್ಲಿ ಮ್ಯಾನೇಜರು ಎದ್ದು ನಿಂತು ಗುಮಾಸ್ತನಿಗೇ ಮೊದಲು ಕೈಕೊಟ್ಟ.

“ಬನ್ನಿ ಸಾರ್. ಗಾಡಿ ಹೇಗೆ ಓಡ್ತಿದೆ? ನೀವು ಇವರ ಕಡೆಯವರು ಅಂತ ಗೊತ್ತೇ ಇರ್ಲಿಲ್ಲ.”

ತನ್ನ ಗುರುತು ಇವನಿಗಿದೆ ಎನ್ನುವುದು ಗುಮಾಸ್ತನಿಗೆ ಹಿಡಿಸಲಿಲ್ಲ. ಗಂಟಲು ಸರಿಮಾಡಿಕೊಂಡು, ರಸೀದಿ ಕೊಟ್ಟ ಮೇಲೆ ವ್ಯಾಪಾರ ಮುಗಿದ ಹಾಗೆ ಅಲ್ಲವೇ ಎಂದು ಒಂದು ಮಾತು ಹೇಳಿದ. ಹೇಳಬೇಕಲ್ಲ ಎಂದು ಹೇಳಿದ ಮಾತು, ಮೇಜಿನ ಆ ಕಡೆಗೆ ತಲುಪುವಷ್ಟೂ ಜೀವ ಅದಕ್ಕಿರಲಿಲ್ಲ.

“ತಪ್ಪು ನಮ್ಮದೇ, ಇಲ್ಲ ಅನ್ನಲ್ಲ,” ಎಂದ ಮ್ಯಾನೇಜರು. “ಗಾಡಿ ತೊಳೆಯೋಕೆ ತೆಗೆದಾಗ ಕೆಳಗಿನ ಮಾಡೆಲ್ ಜೊತೆ ಬೆಲೆ ಚೀಟಿ ಅದಲು ಬದಲಾಗಿದೆ. ಬಿಲ್ ಹಾಕೋನು ಚೀಟಿ ನೋಡಿ ಹಾಗೇ ಬರೆದುಬಿಟ್ಟಿದ್ದಾನೆ. ಆದ್ರೆ ಇವರು ಹಿಂದೆ ಒಂದು ಸಲ ಬಂದಿದ್ರು. ಬೆಲೆ ನಾನೇ ಹೇಳಿದ್ದೆ, ಒಂಬತ್ತೂ ಮುಕ್ಕಾಲು ಅಂತ. ಈಗ ಏಳೂವರೆ ಅಂತ ಕಂಡ ತಕ್ಷಣ ತುಟಿಪಿಟಕ್ಕನ್ನದೆ ದುಡ್ಡು ಕಟ್ಟಿದ್ದಾರೆ. ತಪ್ಪು ಅಂತ ಗೊತ್ತಿದ್ದೇ ಕಟ್ಟಿದ್ದು ಅಂತ ನಮ್ಮ ಮಾಲೀಕರು ಹೇಳ್ತಾರೆ. ನೀವೇ ಹೇಳಿ ಸಾರ್, ಅದು ನ್ಯಾಯಾನಾ?”

ಗುಮಾಸ್ತ ಓರೆಗಣ್ಣಿನಿಂದ ನೋಡಿದ. ಲಾಟರಿಯ ಮುಖ ಕೆಂಪಗಾಗಿತ್ತು. ಆದರೆ ಮರುಗಳಿಗೆ ಅದು ಅರಳಿತು.

“ಅಯ್ಯೋ, ಇಲ್ಲ ಸಾರ್! ಯಾಕೆ ಸುಮ್ನೆ ಕಟ್ಟಿದೆ ಅಂದ್ರೆ, ಇದೇ ಗಾಡೀನ ನೀವೇ ನಮ್ಮ ಭಾವಂಗೆ ಎಲ್ಲಾ ಸೇರಿ ಏಳೂವರೆಗೆ ಕೊಟ್ಟಿದ್ದೀರಲ್ಲ? ಚೀಟಿ ನೋಡಿ, ಸರಿ, ಅದೇ ಬೆಲೆ ಹಾಕಿದ್ದಾರೆ, ನಾವು ಚೌಕಾಶಿ ಮಾಡೋದೂ ತಪ್ಪಿತು ಅಂದ್ಕೊಂಡೆ. ಅವತ್ತು ಭಾವ ಎದ್ದು ಹೊರಟಾಗ ನೀವೇ ಓಡಿಬಂದು ಬಾಗಿಲು ಹಿಡ್ಕೊಂಡ್ರಲ್ಲ!”

“ನಾನಾ?” ಎಂದ ಮ್ಯಾನೇಜರು.

ಅವನು ಗುಮಾಸ್ತನ ಮುಖ ನೋಡಿದ. ಆಮೇಲೆ ಕಂಪ್ಯೂಟರಿನ ಮೇಲೆ ಒಂದಿಷ್ಟು ಕುಟ್ಟಿ, ಪರದೆಯನ್ನು ಅವರ ಕಡೆಗೆ ತಿರುಗಿಸಿದ. ಗುಮಾಸ್ತನ ಹೆಸರು, ಕಾರಿನ ಬಣ್ಣ, ಕೆಳಗೆ ಕೊಟ್ಟ ದುಡ್ಡು. ಎಲ್ಲಾ ಸೇರಿ ಒಂಬತ್ತೂ ಮುಕ್ಕಾಲು. ಮ್ಯಾಟಿನ ದುಡ್ಡು ಬೇರೆ.

ಲಾಟರಿ ಪರದೆಯನ್ನು ನಿಧಾನವಾಗಿ ಓದಿದ. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

“ಏಳೂವರೆ ಅಂತ ನೀವು ಇವರಿಗೆ ಹೇಳಿದ್ರಾ ಸಾರ್?” ಎಂದು ಮ್ಯಾನೇಜರು ಕೇಳಿದ. ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗುವಿತ್ತು.

ಹೌದು ಎಂಬ ಒಂದು ಮಾತು ಸಾಕಿತ್ತು. ನಾನು ಸುಳ್ಳು ಹೇಳಿದೆ, ಇವನು ನಂಬಿದ, ನಂಬಿಯೇ ಕೊಂಡ. ಅಷ್ಟಾದರೆ ಮ್ಯಾನೇಜರಿಗೆ ಮಾತು ಉಳಿಯುವುದಿಲ್ಲ, ಕಾರು ಬಾಗಿಲಿಗೆ ಬರುತ್ತದೆ. ಇದು ಆ ಕೋಣೆಯಲ್ಲಿ ಗುಮಾಸ್ತನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಹೌದು ಎಂದರೆ ಅದೇ ಕಾರು ಇವನಿಗೆ ಏಳೂವರೆಗೆ ಸಿಗುತ್ತದೆ, ತನಗೆ ಒಂಬತ್ತೂ ಮುಕ್ಕಾಲಿನ ಕಾರೂ ಸುಳ್ಳುಗಾರ ಎನ್ನುವ ಹೆಸರೂ ಉಳಿಯುತ್ತವೆ. ಅವನ ಬೇಕರಿ, ಅವನ ಫ್ರಿಜ್ಜು, ಅವನ ತಲೆಯ ಕೂದಲು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು.

“ಏಳೂವರೆ ಅಂತ ನಾನ್ಯಾಕೆ ಹೇಳ್ಲಿ?” ಎಂದ ಗುಮಾಸ್ತ.

ಲಾಟರಿ ಈಗ ತಲೆ ಎತ್ತಿದ. ಭಾವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಗುಮಾಸ್ತ ತಡೆದುಕೊಳ್ಳುತ್ತಿದ್ದ. ಅದರಲ್ಲಿ ಇದ್ದದ್ದು, ಬಟ್ಟೆ ಜಾರಿದವನನ್ನು ಕಂಡು ಪಕ್ಕಕ್ಕೆ ತಿರುಗಿಕೊಳ್ಳುವವನ ಸಂಕೋಚ.

“ಅವರು ಹೇಳಿಲ್ಲ ಸಾರ್,” ಎಂದ ಲಾಟರಿ ಮ್ಯಾನೇಜರಿಗೆ. “ಅವರು ಒಂಬತ್ತೂ ಮುಕ್ಕಾಲು ಅಂತಾನೇ ಅಂದಿರ್ತಾರೆ. ಹಿಟ್ಟು ಕಲೆಸೋ ಮೆಷಿನ್ ಪಕ್ಕ ನಿಂತು ನಿಂತು ನನ್ನ ಕಿವಿ ಮಂದ ಆಗಿದೆ. ನಾನೇ ಏನೇನೋ ಕೇಳಿಸ್ಕೊಂಡೆ. ದುಡ್ಡು ವಾಪಸ್ ಕೊಟ್ಟುಬಿಡಿ.”

“ಕೆಳಗಿನ ಮಾಡೆಲ್ ಬೇಕಾದ್ರೆ ಬರೆದುಕೊಳ್ತೀನಿ. ಬರೋದು ಸ್ವಲ್ಪ ತಡ ಆಗುತ್ತೆ.”

“ನೋಡೋಣ ಸಾರ್. ಮೊದಲು ಮಗು ಬರ್ಲಿ.”

ವಾಪಸು ಬರುವಾಗ ಗುಮಾಸ್ತ ಸಿಟ್ಟಿನ ಮಾತಿಗೆ ಕಾದ. ಬೈದರೆ ತಿರುಗಿ ಬೈಯಲು ಎರಡು ಮಾತನ್ನೂ ಜೋಡಿಸಿಟ್ಟುಕೊಂಡಿದ್ದ. ಲಾಟರಿ ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತ ಕುಳಿತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ, “ಬ್ರೇಕು ಚೆನ್ನಾಗಿದೆ ಭಾವ,” ಎಂದ, ಅಷ್ಟೇ. ಇವನು ಸೋತದ್ದನ್ನು ನೋಡಲೆಂದೇ ಬಂದದ್ದು, ನೋಡಿದ್ದೂ ಆಯಿತು. ಆದರೂ ಗುಮಾಸ್ತನ ಹೊಟ್ಟೆಯುರಿ ಆರಲಿಲ್ಲ. ತಪ್ಪು ನನ್ನದು ಎನ್ನುವ, ತನಗೆ ಹೆಣಗಾಡಿದರೂ ಬಾರದ ಒಂದು ಮಾತು ಇವನ ಬಾಯಿಗೆ ಎಷ್ಟು ಸಲೀಸಾಗಿ ಬಂದುಬಿಟ್ಟಿತು. ಇದೂ ಇವನಿಗೇ ಬರಬೇಕಿತ್ತೇ?

ಮನೆಯಲ್ಲಿ ಅಕ್ಕ ತಂಗಿಯರಿಬ್ಬರೂ ಒಟ್ಟಿಗೇ, “ಏನಾಯ್ತು?” ಅಂದರು. ಗುಮಾಸ್ತ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

“ಆಗ್ಲಿಲ್ಲ ಕಣೇ. ತಪ್ಪು ನಂದೇ. ಭಾವ ತಮ್ಮ ಕೈಲಾದ್ದು ಮಾಡಿದ್ರು,” ಎಂದ ಲಾಟರಿ.

“ಇವರಿಗೆ ಕೊಟ್ಟ ಬೆಲೆ ನಿಮಗ್ಯಾಕೆ ಕೊಡಲ್ವಂತೆ?” ಎಂದು ಗುಮಾಸ್ತನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

“ಅದಕ್ಕೆ ಭಾವನ ಹಾಗೆ ಮಾತಾಡೋಕೆ ಬರ್ಬೇಕಲ್ಲ ಅಕ್ಕ.”

ನಾದಿನಿ ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದ ಊದಿದ ಕಾಲುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಕಣ್ಣುಗಳು ತುಂಬಿದ್ದವು. ಅದನ್ನು ಕಂಡು ಲಾಟರಿ ಅವಳ ಪಕ್ಕ ಕುಳಿತ.

“ಭಾವನ ಕಾರು ಇದೆಯಲ್ಲ, ಅದರಲ್ಲೇ ಮಗುನ ಕರ್ಕೊಂಡು ಬಂದ್ರಾಯ್ತು. ಭಾವ, ಆ ಬಾಗಿಲ ಕಥೆ ಒಂದ್ಸಲ ಹೇಳಿ. ಇವಳು ಸ್ವಲ್ಪ ನಗ್ಲಿ.”

ಗುಮಾಸ್ತ ಅವನ ಮುಖದಲ್ಲಿ ಕುಹಕವನ್ನು ಹುಡುಕಿದ. ಸಿಗಲಿಲ್ಲ.

“ಹೇಳೀಂದ್ರೆ,” ಎಂದಳು ಹೆಂಡತಿ.

“ಏನಿದೆ ಹೇಳೋಕೆ,” ಎಂದ ಗುಮಾಸ್ತ. ಮೂವರೂ ಕಾಯುತ್ತಿದ್ದರು. “ಆಗಲ್ಲ ಅಂದ್ರೆ ಬಿಡಿ, ಬೇರೆ ಕಡೆ ನೋಡ್ತೀನಿ ಅಂದೆ. ಎದ್ದೆ. ಬಾಗಿಲ ತನಕ ಹೋದೆ.” ಅಲ್ಲಿಗೆ ನಿಂತುಬಿಟ್ಟ.

“‘ಸಾರ್, ಸಾರ್, ನಿಲ್ಲಿ!’” ಎಂದು ಲಾಟರಿಯೇ ಮ್ಯಾನೇಜರಾಗಿ ಎದ್ದು, ಓಡಿಹೋಗಿ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ನಕ್ಕಳು. ನಾದಿನಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಎಂದಿನಂತೆ ಎಲ್ಲರಿಗಿಂತ ಜೋರಾಗಿ ಲಾಟರಿ ನಕ್ಕ.

ಕಾಫಿ ಕುಡಿದು ಅವರು ಹೊರಟರು. ಗುಮಾಸ್ತ ಕೈಯಲ್ಲಿ ಕಾರಿನ ಕೀ ಹಿಡಿದುಕೊಂಡೇ ಹಿಂದೆ ಬಂದ. ಬಿಟ್ಟು ಬರುತ್ತೇನೆ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಲಾಟರಿ ಗೇಟಿನ ಮೇಲಿದ್ದ ಹಳದಿ ಬಟ್ಟೆಯನ್ನು ತೆಗೆದುಕೊಂಡು ಸ್ಕೂಟರಿನ ಹಿಂದಿನ ಸೀಟನ್ನು ಚೆನ್ನಾಗಿ ಒರೆಸಿದ. ನಾದಿನಿ ಅವನ ಭುಜ ಹಿಡಿದು ಮೆಲ್ಲಗೆ ಹತ್ತಿ ಕುಳಿತ ಮೇಲೆ, ಬಟ್ಟೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಇದ್ದ ಜಾಗದಲ್ಲೇ ಇಟ್ಟ.

“ನಿಧಾನಕ್ಕೆ ಹೋಗ್ತೀನಿ ಭಾವ,” ಎಂದ.